ಮಗನ ರಿಪೋರ್ಟಿನಾಗ ‘ನ್ಯೂರೆಕ್ಸಿನ್-1’ ಅಂತ ಬಂದೈತಿ, ಇದು ಮಿದುಳಿನಾಗ ಮಾಡೋ ಕೆಲಸ ಏನು?

ಕೌಲ್‌ಬಜಾರ್_ಅಮ್ಮ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರದು ಕೌಲ್‌ಬಜಾರಿನಾಗ ಜೀನ್ಸ್ ಹೊಲಿಯೋ ಸಣ್ಣ ಯೂನಿಟ್ ಐತಿ, ಆರು ಮಷೀನು. ಮಗನಿಗೆ ನಾಲ್ಕು ತುಂಬಿ ಐದರಾಗ ಬಿದ್ದಾನ. ಮಾತು ಬಂದಿಲ್ಲ. ಹೆಸರು ಹಿಡಿದು ಕೂಗಿದ್ರ ತಿರುಗಿ ನೋಡಂಗಿಲ್ಲ. ಆದ್ರ ಯೂನಿಟ್‌ನಾಗ ಟಿಚ್ ಬಟನ್ ಒತ್ತೋ ಮಷೀನಿನ ಸಪ್ಪಳ ಕೇಳಿದ್ರ ಎಲ್ಲಿದ್ದರೂ ಓಡಿ ಬರ್ತಾನ. ಬಟನ್ ಡಬ್ಬಿ ಮುಂದ ಕುಂತು ಉಬ್ಬಿದ ಪೀಸು ಒಂದು ಕಡಿ, ತಗ್ಗಿನ ಪೀಸು ಒಂದು ಕಡಿ ಗುಡ್ಡಿ ಹಾಕ್ತಾನ. ಒಂದೂ ತಪ್ಪಂಗಿಲ್ಲ.

ಆಟಿಸಂ ಅಂತ ಹೋದ ವರ್ಷನ ಹೇಳಿದ್ರು. ಈಗ ರಕ್ತದ ಜೀನ್ ಪರೀಕ್ಷೆ ಮಾಡ್ಸಿದ್ವಿ. ಎರಡನೇ ಕ್ರೋಮೋಸೋಮಿನಾಗ ನ್ಯೂರೆಕ್ಸಿನ್-1 ಅನ್ನೋ ಜೀನಿನ ಒಂದು ತುಂಡು ಇಲ್ಲ ಅಂತ ರಿಪೋರ್ಟ್ ಬಂತು. ಡಾಕ್ಟ್ರು ಐದು ನಿಮಿಷ ಇಂಗ್ಲಿಷಿನಾಗ ಹೇಳಿದ್ರು. ಹೊರಗ ಸರತಿ ಉದ್ದ ಇತ್ತು, ಅವರನ್ನೂ ಬೈಯಂಗಿಲ್ಲ ನಾನು. ನನಗ ತಿಳಿದಿದ್ದು ಇಷ್ಟ: ಮಿದುಳಿನ ಕೋಶ ಒಂದಕ್ಕೊಂದು ಅಂಟಿಸೋ ಗೋಂದು ಅದು, ಅದು ಇವನಿಗೆ ಕಡಿಮಿ.

ಆವತ್ತಿಂದ ನಿದ್ದಿ ಇಲ್ಲ. ಗೋಂದು ಕಡಿಮಿ ಅಂದ್ರ ಮಿದುಳು ಬಿಚ್ಚಿಕೋತ ಹೋಗ್ತೈತೇನು? ದೊಡ್ಡವನಾದಂಗ ಹೆಚ್ಚಾಗ್ತೈತೇನು? ತಿಳಿದವರು ಕನ್ನಡದಾಗ ಹೇಳ್ರಿ. ನಾನು ಪಿಯುಸಿ ತನಕ ಓದೀನಿ, ನಿಧಾನಕ್ಕ ಹೇಳಿದ್ರ ತಿಳಿತೈತಿ.

ಸಿಂಧನೂರು_ನರಕೋಶ, ಬೆಂಗಳೂರು (ಊರು ಸಿಂಧನೂರು)

ಅಕ್ಕಾ, ಮೊದಲು ನಿಮ್ಮ ಭಯದ ಮಾತಿಗೆ ಉತ್ತರ. ಇಲ್ಲ, ಮಿದುಳು ಬಿಚ್ಚಿಕೊಳ್ಳುವುದಿಲ್ಲ. ಇದು ಸವೆಯುತ್ತಾ ಹೋಗುವ ಕಾಯಿಲೆಯಲ್ಲ. ಇದನ್ನು ಓದಿ ಇವತ್ತು ಮಲಗಿ, ಮುಂದಿನದನ್ನು ನಾಳೆ ಓದಿದರೂ ನಡೆಯುತ್ತೆ.

ನಾನು ಪಿಎಚ್‌ಡಿ ವಿದ್ಯಾರ್ಥಿ. ಗಾಜಿನ ತಟ್ಟೆಯಲ್ಲಿ ನರಕೋಶ ಬೆಳೆಸಿ ಅವು ಒಂದನ್ನೊಂದು ಹೇಗೆ ಹುಡುಕಿಕೊಳ್ಳುತ್ತವೆ ಅಂತ ನೋಡುವುದೇ ನನ್ನ ಕೆಲಸ. ಡಾಕ್ಟರ್ ಅಲ್ಲ, ಹಾಗಾಗಿ ಮಗುವಿನ ಚಿಕಿತ್ಸೆ ಬಗ್ಗೆ ಮಾತಾಡಲ್ಲ. ಈ ಪ್ರೋಟೀನಿನ ಬಗ್ಗೆ ಹೇಳಬಲ್ಲೆ.

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದೂ ಸಾವಿರಾರು ಕಡೆ ಬೇರೆ ಕೋಶಗಳನ್ನು ಮುಟ್ಟುತ್ತೆ. ಮುಟ್ಟುವ ಜಾಗಕ್ಕೆ ಸಿನಾಪ್ಸ್ ಅಂತ ಹೆಸರು, ಹತ್ತನೇ ಕ್ಲಾಸಿನಲ್ಲಿ ಓದಿರುತ್ತೀರಿ. ಮುಟ್ಟುತ್ತೆ ಅಂದರೂ ಪೂರ್ತಿ ತಾಗಿರುವುದಿಲ್ಲ, ನಡುವೆ ಒಂದು ಸಂದು ಇರುತ್ತೆ. ಒಂದು ಮಿಲಿಮೀಟರನ್ನು 50,000 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಸಂದು. ಈ ದಡದ ಕೋಶ ರಾಸಾಯನಿಕ ಚೆಲ್ಲುತ್ತೆ, ಆ ದಡದ ಕೋಶ ಅದನ್ನು ಹಿಡಿಯುತ್ತೆ. ಚೆಲ್ಲುವ ಜಾಗದ ಎದುರಿಗೇ ಹಿಡಿಯುವ ಜಾಗ ಇರಬೇಕು, ಅಷ್ಟೇ ಅಂತರದಲ್ಲಿ ನಿಲ್ಲಬೇಕು. ಅದಕ್ಕೆ ಎರಡೂ ಕೋಶಗಳ ಪೊರೆಯಿಂದ ಪ್ರೋಟೀನುಗಳು ಹೊರಗೆ ಚಾಚಿಕೊಂಡು ಸಂದಿನ ನಡುವೆ ಕೈ ಹಿಡಿಯುತ್ತವೆ. ಚೆಲ್ಲುವ ಕಡೆಯ ಕೈ ನ್ಯೂರೆಕ್ಸಿನ್. ಹಿಡಿಯುವ ಕಡೆ ಅದಕ್ಕೆ ಜೊತೆಗಾರರು ಹಲವರು, ಹೆಚ್ಚು ಪರಿಚಿತವಾದದ್ದು ನ್ಯೂರೋಲಿಜಿನ್.

ಇದು ಸಿಕ್ಕ ಕಥೆ ನನಗೆ ಬಹಳ ಇಷ್ಟ. ಬ್ಲ್ಯಾಕ್ ವಿಡೋ ಅನ್ನುವ ಜೇಡದ ವಿಷ ನರಗಳ ತುದಿಗೆ ಅಂಟಿಕೊಂಡು ಅಲ್ಲಿರುವ ರಾಸಾಯನಿಕವನ್ನೆಲ್ಲ ಒಮ್ಮೆಲೇ ಚೆಲ್ಲಿಸಿಬಿಡುತ್ತೆ. ಆ ವಿಷ ಮಿದುಳಿನಲ್ಲಿ ಯಾವುದಕ್ಕೆ ಅಂಟುತ್ತೆ ಅಂತ ಅಮೆರಿಕದ ಡಲ್ಲಾಸ್‌ನಲ್ಲಿ ಥಾಮಸ್ ಸ್ಯೂಡಾಫ್ ಅವರ ತಂಡ ಹುಡುಕಿತು. 1992ರಲ್ಲಿ ಸಿಕ್ಕಿದ್ದು ನ್ಯೂರೆಕ್ಸಿನ್. ನ್ಯೂರೆಕ್ಸಿನ್ ಯಾರ ಕೈ ಹಿಡಿಯುತ್ತೆ ಅಂತ ಹುಡುಕಿ 1995ರಲ್ಲಿ ಅದೇ ತಂಡ ನ್ಯೂರೋಲಿಜಿನ್ ಕಂಡುಹಿಡಿಯಿತು. ನಿಮ್ಮ ಮಗನ ರಿಪೋರ್ಟಿನಲ್ಲಿರುವ ಹೆಸರು ಬಂದದ್ದು ಒಂದು ಜೇಡದ ಬೆನ್ನು ಹತ್ತಿ ಹೋದವರಿಂದ.

‘ಗೋಂದು’ ಅನ್ನುವ ಮಾತಿಗೆ ನನ್ನ ತಕರಾರಿದೆ. ಗೋಂದಿಗೆ ಎದುರಿಗೆ ಯಾರಿದ್ದಾರೆ ಅನ್ನುವ ಗುರುತು ಇರಲ್ಲ, ಸಿಕ್ಕಿದ್ದಕ್ಕೆಲ್ಲ ಅಂಟುತ್ತೆ. ನಿಮ್ಮ ಮಗ ಗುಡ್ಡೆ ಹಾಕುವ ಟಿಚ್ ಬಟನ್ ಇದಕ್ಕೆ ಹೆಚ್ಚು ಹತ್ತಿರ. ಉಬ್ಬಿದ ಪೀಸಿಗೆ ತಗ್ಗಿನ ಪೀಸೇ ಬೇಕು.

ಕೌಲ್‌ಬಜಾರ್_ಅಮ್ಮ, ಬಳ್ಳಾರಿ

ನಾನು ಇವರ ಯಜಮಾನ ಬರಿಯಾಕತ್ತೀನಿ, ಮೊಬೈಲು ಅವರದ. ಟಿಚ್ ಬಟನ್ ಅಂದ್ರಲ್ಲ, ಅದಕ್ಕ ಒಂದು ಮಾತು ಹೇಳ್ಬೇಕು ಅನ್ನಿಸ್ತು. ತಪ್ಪಿದ್ರ ತಿದ್ದ್ರಿ ಸರ.

ಹೊರಗಿನವರು ಟಿಚ್ ಬಟನ್ ಅಂದ್ರ ಎರಡು ಪೀಸು ಅಂದ್ಕೋತಾರ. ನಾಲ್ಕು ಇರ್ತಾವ. ಮ್ಯಾಲಿನ ಬಟ್ಟಿಗೆ ಎರಡು, ಕೆಳಗಿನ ಬಟ್ಟಿಗೆ ಎರಡು. ಹೊರಗ ಕಾಣೋ ಟೊಪ್ಪಿಗಿ ಬಟ್ಟಿ ಆ ಕಡಿಂದ ಬರ್ತೈತಿ, ತಗ್ಗಿನ ಪೀಸು ಈ ಕಡಿಂದ. ಬಟ್ಟಿ ನಡುವ ಇಟ್ಟು ಮಷೀನಿನಾಗ ಒತ್ತಿದ್ರ ಎರಡೂ ಬಟ್ಟಿ ಕಚ್ಚಿ ಹಿಡಿತಾವ. ಕೆಳಗೂ ಹಂಗ. ಎಷ್ಟೋ ಮಂದಿ ಬಟನ್ ಬಿಚ್ಚಿ ಹೋತು ಅಂತ ಪ್ಯಾಂಟು ವಾಪಸ್ ತರ್ತಾರ, ನೋಡಿದ್ರ ಉಬ್ಬು ತಗ್ಗು ಎರಡೂ ಚೊಲೋ ಇರ್ತಾವ. ಹಿಂದಿನ ಹಿಡಿತ ಸಡಿಲಾಗಿ ಬಟ್ಟಿಯಿಂದ ಕಿತ್ತು ಬಂದಿರ್ತೈತಿ. ಒತ್ತೋವಾಗ ಜೋರಾದ್ರ ಬಟ್ಟಿ ತೂತು, ಕಡಿಮಿಯಾದ್ರ ಎರಡು ಸಲ ಒಗೆಯೋದ್ರಾಗ ಉದುರ್ತೈತಿ. ನಿಮ್ಮ ಪ್ರೋಟೀನಿಗೆ ಹಿಂದ ಹಿಡಿಯೋದು ಏನರ ಐತೇನ್ರಿ?

ಸಿಂಧನೂರು_ನರಕೋಶ

ಅಣ್ಣಾ, ನಾನು ನಾಲ್ಕು ವರ್ಷದಿಂದ ಇದನ್ನು ವಿವರಿಸಲು ಹೆಣಗುತ್ತಿದ್ದೆ. ನೀವು ಹೇಳಿದ್ದು ಅಕ್ಷರಶಃ ಹಾಗೇ ಇದೆ.

ಬಟ್ಟೆ ಅಂದರೆ ಕೋಶದ ಪೊರೆ. ನ್ಯೂರೋಲಿಜಿನ್ ಪೊರೆಯನ್ನು ತೂರಿ ನಿಂತಿರುತ್ತೆ. ಅದರ ಒಂದು ತುದಿ ಸಂದಿನಲ್ಲಿ, ಇನ್ನೊಂದು ಗಿಡ್ಡ ಬಾಲ ಕೋಶದ ಒಳಗೆ. ಆ ಬಾಲವನ್ನು ಒಳಗಿನಿಂದ ಪಿಎಸ್‌ಡಿ-95 ಅನ್ನುವ ಪ್ರೋಟೀನ್ ಹಿಡಿದಿಡುತ್ತೆ, ಅದೇ ನಿಮ್ಮ ಟೊಪ್ಪಿಗೆ. ರಾಸಾಯನಿಕವನ್ನು ಹಿಡಿಯುವ ಗ್ರಾಹಿಗಳೂ ಈ ಪಿಎಸ್‌ಡಿ-95ರ ಸುತ್ತಲೇ ಬಂದು ಸೇರುತ್ತವೆ. ಈ ದಡದಲ್ಲಿ ನ್ಯೂರೆಕ್ಸಿನ್ ಬಾಲವನ್ನು ಕಾಸ್ಕ್ ಎಂಬ ಪ್ರೋಟೀನ್ ಹಿಡಿಯುತ್ತೆ. ನಾಲ್ಕು ಪೀಸು, ನಡುವೆ ಎರಡು ಬಟ್ಟೆ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನಿಮ್ಮ ಬಟನ್ ಒತ್ತಿದ ಮೇಲೆ ಬಟ್ಟೆ ಬದಲಾಗುವುದಿಲ್ಲ. ಇಲ್ಲಿ ಉಬ್ಬು ತಗ್ಗು ಕೂಡಿದ ಕೂಡಲೇ ಎರಡೂ ಬಟ್ಟೆಗಳ ಒಳಗೆ ಕೆಲಸ ಶುರುವಾಗುತ್ತೆ. ಈ ದಡದಲ್ಲಿ ರಾಸಾಯನಿಕದ ಚೀಲಗಳು ಬಂದು ಸಾಲುಗಟ್ಟುತ್ತವೆ, ಆ ದಡದಲ್ಲಿ ಗ್ರಾಹಿಗಳು ನೆರೆಯುತ್ತವೆ.

ಗಂಗಾವತಿ_ನಿವೃತ್ತ_ಮೇಷ್ಟ್ರು

ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದೀನಪ್ಪ, ನರಕೋಶದ ಚಿತ್ರ ಸಾವಿರ ಸಲ ಬೋರ್ಡಿನ ಮೇಲೆ ಬರೆದಿರಬಹುದು. ಎರಡು ಕೋಶದ ನಡುವೆ ಸಂದು ಬಿಟ್ಟು ಗೆರೆ ಎಳೆಯುತ್ತಿದ್ದೆ. ಆ ಸಂದನ್ನು ಯಾರು ಕಾಯ್ದಿಟ್ಟಿದ್ದಾರೆ ಅಂತ ನಾನೂ ಕೇಳಲಿಲ್ಲ, ಹುಡುಗರೂ ಕೇಳಲಿಲ್ಲ.

ಈಗ ಕೇಳ್ತೀನಿ. ಕೂಡಿದ ಕೂಡಲೇ ಒಳಗೆ ಕೆಲಸ ಶುರುವಾಗುತ್ತೆ ಅಂದ್ಯಲ್ಲ, ಅದನ್ನು ಯಾರು ನೋಡಿದಾರೆ? ಕೂಡಿದ್ದು ಮೊದಲೋ, ಕೆಲಸ ಮೊದಲೋ? ಮತ್ತೆ, ಆ ಬಟನ್ ಕಿತ್ತು ಹಾಕಿದರೆ ಸಿನಾಪ್ಸ್ ಆಗೋದೇ ಇಲ್ಲವೋ? ಹಾಗಿದ್ದರೆ ಈ ತಾಯಿಗೆ ಮಲಗು ಅಂತ ನೀನು ಯಾವ ಧೈರ್ಯದ ಮೇಲೆ ಹೇಳಿದೆ?

ಸಿಂಧನೂರು_ನರಕೋಶ

ಸರ್, ಈ ಕ್ಷೇತ್ರದವರು ಇಪ್ಪತ್ತು ವರ್ಷದಿಂದ ಜಗಳಾಡುತ್ತಿರುವುದು ಇದೇ ಪ್ರಶ್ನೆಗೆ.

ನೋಡಿದ್ದು 2000ನೇ ಇಸವಿಯಲ್ಲಿ, ಪೀಟರ್ ಷೈಫೆಲ ಮತ್ತು ಜೊತೆಗಾರರು. ಮೂತ್ರಪಿಂಡ ಮೂಲದ ಕೋಶಗಳನ್ನು ತೆಗೆದುಕೊಂಡರು. ಅವಕ್ಕೂ ಮಿದುಳಿಗೂ ಸಂಬಂಧವಿಲ್ಲ. ಅವುಗಳಿಗೆ ನ್ಯೂರೋಲಿಜಿನ್ ತಯಾರಿಸುವ ಜೀನ್ ಸೇರಿಸಿ ನರಕೋಶಗಳ ಜೊತೆ ಒಂದೇ ತಟ್ಟೆಯಲ್ಲಿಟ್ಟರು. ನರಕೋಶದ ಆಕ್ಸಾನ್, ಅಂದರೆ ಅದರ ಉದ್ದನೆಯ ಎಳೆ, ಹರಿದು ಬಂದು ಆ ಮೂತ್ರಪಿಂಡದ ಕೋಶವನ್ನು ಮುಟ್ಟಿದ ಕಡೆಯಲ್ಲೆಲ್ಲ ಚೀಲಗಳು ಸಾಲುಗಟ್ಟಿದವು, ಅಲ್ಲಿ ಇನ್ನೊಂದು ನರಕೋಶ ಇದೆ ಅನ್ನುವ ಹಾಗೆ! 2004ರಲ್ಲಿ ಇದನ್ನೇ ತಿರುಗಿಸಿ ಮಾಡಿದರು. ನ್ಯೂರೆಕ್ಸಿನ್ ಹೊತ್ತ ಪರಕೋಶ ಮುಟ್ಟಿದಾಗ ಎದುರಿನ ನರಕೋಶದಲ್ಲಿ ಗ್ರಾಹಿಗಳ ಕಡೆಯ ಸಿದ್ಧತೆ ನಡೆಯಿತು. ನಾನೂ ಇಂಥ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದ್ದೇನೆ ಸರ್. ಕತ್ತಲೆ ಹಿನ್ನೆಲೆಯಲ್ಲಿ ಒಂದು ಅಗಲವಾದ ಕೋಶ, ಅದರ ಅಂಚಿನ ಉದ್ದಕ್ಕೂ ಹಸಿರು ಚುಕ್ಕೆಗಳು, ಅವೇ ಸಾಲುಗಟ್ಟಿದ ಚೀಲಗಳು. ಪಕ್ಕದ, ನ್ಯೂರೋಲಿಜಿನ್ ಇಲ್ಲದ ಕೋಶದ ಮೇಲೂ ಅದೇ ಆಕ್ಸಾನ್ ಹಾದು ಹೋಗಿರುತ್ತೆ, ಅಲ್ಲಿ ಚುಕ್ಕೆ ಇರುವುದಿಲ್ಲ.

ಹಾಗಾದರೆ ಸಿನಾಪ್ಸ್ ಹುಟ್ಟಿಸುವುದೇ ಇವು ಅಂತ ಎಲ್ಲರೂ ಅಂದುಕೊಂಡರು. 2006ರಲ್ಲಿ ಇಲಿಗಳಲ್ಲಿ ನ್ಯೂರೋಲಿಜಿನ್ 1, 2, 3 ಮೂರೂ ಜೀನುಗಳನ್ನು ತೆಗೆದು ನೋಡಿದರು. ಮರಿಗಳು ಹುಟ್ಟಿದ ಮೇಲೆ ಉಸಿರಾಟ ನಿಂತು ಸತ್ತವು. ಆದರೆ ಮಿದುಳು ನೋಡಿದರೆ ಸಿನಾಪ್ಸ್‌ಗಳ ಸಂಖ್ಯೆ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಸಿನಾಪ್ಸ್ ಇವೆ, ಕೆಲಸ ಮಾತ್ರ ಸರಿಯಾಗಿ ನಡೆಯುತ್ತಿಲ್ಲ. ಅದಕ್ಕೂ ಮೊದಲು, 2003ರಲ್ಲಿ, ಉದ್ದನೆಯ ಆಲ್ಫಾ ಬಗೆಯ ನ್ಯೂರೆಕ್ಸಿನ್‌ಗಳನ್ನು ತೆಗೆದಾಗಲೂ ಹೀಗೇ ಆಗಿತ್ತು: ಜೋಡಣೆ ಇದೆ, ಕ್ಯಾಲ್ಸಿಯಂ ಬಂದಾಗ ಚೆಲ್ಲಬೇಕಾದ ರಾಸಾಯನಿಕ ಸರಿಯಾಗಿ ಚೆಲ್ಲುತ್ತಿಲ್ಲ.

ನನ್ನ ತಿಳುವಳಿಕೆ ಇಷ್ಟು. ಮೊದಲ ಸ್ಪರ್ಶಕ್ಕೆ ಬೇರೆ ಅಣುಗಳು ಬಹಳ ಇವೆ. ಕ್ಯಾಡ್‌ಹೆರಿನ್ ಇದೆ, ಅದನ್ನು ಜಪಾನಿನ ಮಸಾತೋಶಿ ತಾಕೇಚಿ ಕಂಡುಹಿಡಿದದ್ದು, ಕ್ಯಾಲ್ಸಿಯಂ ಇದ್ದರೆ ಮಾತ್ರ ಹಿಡಿಯುತ್ತೆ. ಸಿನ್‌ಕ್ಯಾಮ್ ಇದೆ, ಲ್ಯಾಟ್ರೋಫಿಲಿನ್ ಇದೆ. ಒಂದು ಹೋದರೆ ಇನ್ನೊಂದು ಸ್ವಲ್ಪಮಟ್ಟಿಗೆ ಆ ಕೆಲಸಕ್ಕೆ ನಿಲ್ಲುತ್ತೆ. ನ್ಯೂರೆಕ್ಸಿನ್ ಮಾಡುವುದು ಹದ ಹಿಡಿಯುವ ಕೆಲಸ. ಈ ಸಿನಾಪ್ಸ್ ಎಷ್ಟು ಜೋರಾಗಿ ಮಾತಾಡಬೇಕು, ಉತ್ತೇಜಿಸಬೇಕೋ ಸುಮ್ಮನಿರಿಸಬೇಕೋ ಅನ್ನುವುದು. ನ್ಯೂರೋಲಿಜಿನ್-1 ಹೆಚ್ಚಾಗಿ ಉತ್ತೇಜಿಸುವ ಸಿನಾಪ್ಸ್‌ಗಳಲ್ಲಿ ಸಿಗುತ್ತೆ, ನ್ಯೂರೋಲಿಜಿನ್-2 ಸುಮ್ಮನಿರಿಸುವ ಸಿನಾಪ್ಸ್‌ಗಳಲ್ಲಿ. ಅಣ್ಣ ಹೇಳಿದ ಒತ್ತುವ ಹದದ ಮಾತು ಇಲ್ಲಿಗೆ ಬರುತ್ತೆ.

ಅಕ್ಕನಿಗೆ ಮಲಗಿ ಅಂದ ಧೈರ್ಯ ಇದು: ಆ ಇಲಿಗಳಲ್ಲಿ ಜೀನಿನ ಎರಡೂ ಪ್ರತಿ (ಅಪ್ಪನಿಂದ ಬಂದದ್ದು, ಅಮ್ಮನಿಂದ ಬಂದದ್ದು) ತೆಗೆದಿದ್ದರು, ಅದೂ ಮೂರು ಮೂರು ಜೀನುಗಳದ್ದು. ಮಗುವಿನಲ್ಲಿ ಒಂದೇ ಜೀನಿನ ಒಂದೇ ಪ್ರತಿಯಲ್ಲಿ ತುಂಡು ಹೋಗಿರುವುದು. ಇನ್ನೊಂದು ಪ್ರತಿ ಇದೆ. ಅದೇ ಬಗೆಯ ನ್ಯೂರೆಕ್ಸಿನ್ 2, 3 ಜೀನುಗಳೂ ಇವೆ.

ರಾಯಚೂರು_ಜೀವಶಾಸ್ತ್ರ_ಮೇಡಂ

ಮೇಷ್ಟ್ರೇ, ನಿಮ್ಮ ಬೋರ್ಡಿನ ಗೆರೆಯ ಮಾತು ನನ್ನನ್ನೂ ತಾಗಿತು. ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಹೇಳೋಳು.

ಈ ‘ಗುರುತು ಹಿಡಿಯೋ’ ವಿಚಾರ ನ್ಯೂರೆಕ್ಸಿನ್‌ಗಿಂತ ಬಹಳ ಹಳೇದು. 1940ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ರೋಜರ್ ಸ್ಪೆರ್ರಿ ಕಪ್ಪೆಯ ಕಣ್ಣಿನ ನರ ಕತ್ತರಿಸಿ, ಕಣ್ಣುಗುಡ್ಡೆಯನ್ನು ತಲೆಕೆಳಗಾಗಿ ತಿರುಗಿಸಿ ಇಟ್ಟರು. ಕಪ್ಪೆಯ ನರ ಮತ್ತೆ ಬೆಳೆಯುತ್ತದೆ. ಬೆಳೆದ ಮೇಲೆ ಮೇಲ್ಗಡೆ ನೊಣ ತೋರಿಸಿದರೆ ಕಪ್ಪೆ ಕೆಳಗೆ ನಾಲಿಗೆ ಚಾಚಿತು. ಎಷ್ಟು ದಿನ ಬಿಟ್ಟರೂ ತಿದ್ದಿಕೊಳ್ಳಲಿಲ್ಲ. ಅಂದರೆ ಒಂದೊಂದು ನರದ ಎಳೆಯೂ ತಿರುಗಿದ ಕಣ್ಣಿನಿಂದ ಹೊರಟರೂ ತನ್ನ ಹಳೆಯ ಮನೆಗೇ ಹೋಗಿ ಸೇರಿತ್ತು. ಎಳೆಗೂ ಮನೆಗೂ ರಾಸಾಯನಿಕ ಗುರುತು ಇರಬೇಕು ಅಂತ 1963ರಲ್ಲಿ ಅವರು ಸ್ಪಷ್ಟವಾಗಿ ಬರೆದರು.

ಇಷ್ಟು ಗುರುತು ಎಲ್ಲಿಂದ ತರೋದು? ನಮ್ಮಲ್ಲಿ ಜೀನು ಇರೋದೇ ಸುಮಾರು ಇಪ್ಪತ್ತು ಸಾವಿರ. ಹಣ್ಣಿನ ನೊಣದಲ್ಲಿ ಡಿಸ್ಕ್ಯಾಮ್ ಅಂತ ಒಂದು ಜೀನ್ ಇದೆ. ಅದನ್ನು ಬೇರೆ ಬೇರೆ ರೀತಿ ಕತ್ತರಿಸಿ ಜೋಡಿಸಿ 38,016 ಬಗೆಯ ಪ್ರೋಟೀನ್ ಮಾಡಬಹುದು. ಅದರ ಕೆಲಸ ಇನ್ನೂ ವಿಚಿತ್ರ: ತನ್ನದೇ ಗುರುತು ಎದುರಿಗೆ ಸಿಕ್ಕಿದರೆ ಕೋಶ ಹಿಂದೆ ಸರಿಯುತ್ತದೆ, ತನ್ನ ಕೊಂಬೆಗೆ ತಾನೇ ಗಂಟು ಬೀಳಬಾರದಲ್ಲ. ನ್ಯೂರೆಕ್ಸಿನ್ ಕೂಡ ಹೀಗೇ ಕತ್ತರಿಸಿ ಜೋಡಿಸಿ ಆಗೋದು, ಮೂರೇ ಜೀನಿನಿಂದ ಸಾವಿರಾರು ಬಗೆ. ಜೀನ್ಸ್ ಅಣ್ಣಾವ್ರಿಗೆ ಹೇಳೋದಾದ್ರೆ ಒಂದೇ ಥಾನು ಬಟ್ಟೆ, ಪ್ಯಾಟರ್ನ್ ಬೇರೆ ಬೇರೆ.

ಮಾನ್ವಿ_ಹಿತೈಷಿ

ಜೀನು ಗೀನು ಎಲ್ಲ ಸರಿ. ತಾಯಂದಿರು ಬಸುರಿದ್ದಾಗ ಮೊಬೈಲ್ ನೋಡೋದು, ಗ್ರಹಣದ ದಿನ ಹೊರಗ ಬರೋದು, ಹುಟ್ಟಿದ ಮ್ಯಾಲೆ ಕೂಸಿನ ಕೈಗೆ ಫೋನ್ ಕೊಡೋದು. ಸೂಜಿನೂ ಜಾಸ್ತಿ ಹಾಕ್ತಾರ. ಇದರಿಂದ ಅಂತ ನನಗ ಅನ್ನಿಸ್ತೈತಿ.

ಕೊಪ್ಪಳ_ಮಾತು_ತರಬೇತಿ

ಅಣ್ಣಾರ, ನೀವು ಕೆಟ್ಟ ಮನಸ್ಸಿನಿಂದ ಬರೆದಿಲ್ಲ ಅಂತ ಗೊತ್ತು. ಆದರ ದಯವಿಟ್ಟು ಈ ಮಾತು ಇಲ್ಲಿ ಬ್ಯಾಡ. ನಾನು ಕೊಪ್ಪಳದಾಗ ಮಾತು ಬರದ ಮಕ್ಕಳಿಗೆ ತರಬೇತಿ ಕೊಡ್ತೀನಿ. ನನ್ನ ಮುಂದ ಕುಂತು ಅಳೋ ತಾಯಂದಿರು ಮಗುವಿಗೆ ಅತ್ತಿದ್ದಕ್ಕಿಂತ ಇಂಥ ಮಾತಿಗೆ ಅತ್ತಿದ್ದು ಹೆಚ್ಚು. ಲಸಿಕೆಗೂ ಆಟಿಸಂಗೂ ಸಂಬಂಧ ಇಲ್ಲ, ಲಕ್ಷಗಟ್ಟಲೆ ಮಕ್ಕಳ ಮ್ಯಾಲೆ ನೋಡಿ ಆಗೈತಿ. ಗ್ರಹಣಕ್ಕ ಎರಡನೇ ಕ್ರೋಮೋಸೋಮಿನ ತುಂಡು ತೆಗೆಯೋ ಶಕ್ತಿ ಇಲ್ಲ. ಈ ತುಂಡು ಹೋಗೋದು ತಾಯಿ ಬಸುರಿ ಅಂತ ಆಕಿಗೆ ಗೊತ್ತಾಗೋ ಮೊದಲ.

ಅಕ್ಕಾ, ನಿಮಗ ಒಂದು ಮಾತು. ಬಟನ್ ಡಬ್ಬಿ ಅವನ ಕೈಗೆ ಪೂರಾ ಕೊಡಬ್ಯಾಡ್ರಿ. ನಿಮ್ಮ ತೊಡಿ ಮ್ಯಾಲೆ ಇಟ್ಕೊಂಡು ಅವನ ಎದುರು ಕುಂದರ್ರಿ. ಒಂದೊಂದ ಪೀಸು ಕೊಡ್ರಿ. ಇನ್ನೊಂದು ಬೇಕು ಅಂದ್ರ ಅವನು ನಿಮ್ಮನ್ನ ನೋಡಬೇಕು, ಇಲ್ಲಾ ಕೈ ಚಾಚಬೇಕು, ಇಲ್ಲಾ ಏನರ ಸಪ್ಪಳ ಮಾಡಬೇಕು. ಮಾಡಿದ ಕೂಡ್ಲೆ ‘ಬೇಕಾ? ತಗೋ’ ಅಂತ ಕೊಡ್ರಿ. ದಿನಕ್ಕ ಹತ್ತು ನಿಮಿಷ ಸಾಕು. ಬಾಯಾಗ ಹಾಕ್ಕೊಳ್ಳೋ ಅಭ್ಯಾಸ ಇದ್ರ ಈ ಆಟಾನ ಬ್ಯಾಡ, ಇಲ್ಲದಿದ್ರೂ ಪಕ್ಕದಾಗ ಯಾರಾದ್ರೂ ಇರಬೇಕು. ಜೀನು ಹೆಂಗರ ಇರಲಿ, ಈ ವಯಸ್ಸಿನಾಗ ಸಿನಾಪ್ಸ್ ಕಟ್ಟೋದು, ಕಳಿಯೋದು ಇನ್ನೂ ನಡದೈತಿ. ಬಳ್ಳಾರಿಯಾಗ ಜಿಲ್ಲಾ ಆರಂಭಿಕ ಹಸ್ತಕ್ಷೇಪ ಕೇಂದ್ರದಾಗ ವಿಚಾರಿಸ್ರಿ. ಆಟಿಸಂ 2016ರ ಅಂಗವಿಕಲರ ಕಾಯ್ದೆಯಾಗ ಸೇರೈತಿ, ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಬಹುದು.

ಕೌಲ್‌ಬಜಾರ್_ಅಮ್ಮ

ಎಲ್ಲಾ ಓದಿದೆ. ಎರಡೆರಡು ಸಲ ಓದಿದೆ. ಕೊಪ್ಪಳದ ಅಕ್ಕಾವ್ರೇ, ನೀವು ಬರೆದಿದ್ದನ್ನ ನಮ್ಮ ಅತ್ತಿಯವರಿಗೂ ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಎದ್ದು ಹೋಗಿ ಮೊಮ್ಮಗನ ತಲಿ ಸವರಿದ್ರು.

ಒಂದು ಹೇಳಿರಲಿಲ್ಲ. ನಮ್ಮಿಬ್ಬರದೂ ರಕ್ತ ಕೊಡ್ರಿ ಅಂದಾರ. ನನಗ ಅಂಜಿಕಿ. ನನ್ನಾಗ ಆ ತುಂಡು ಇಲ್ಲ ಅಂತ ಬಂದ್ರ? ನನ್ನಿಂದಾನ ಬಂದಂಗಾತಲ್ಲ. ಮತ್ತ ಒಬ್ಬಾಕಿ ಮಗಳದಾಳ, ಎರಡು ವರ್ಷ.

ಸಿಂಧನೂರು_ನರಕೋಶ

ಅಕ್ಕಾ, ರಕ್ತ ಕೊಡಿ. ಅದರಿಂದ ಬಹಳ ತಿಳಿಯುತ್ತೆ.

ಈ ತುಂಡು ಕೆಲವು ಮಕ್ಕಳಲ್ಲಿ ಹೊಸದಾಗಿ ಹೋಗಿರುತ್ತೆ, ಅಪ್ಪ ಅಮ್ಮ ಇಬ್ಬರಲ್ಲೂ ಸರಿ ಇರುತ್ತೆ. ಇನ್ನು ಕೆಲವರಲ್ಲಿ ಈ ಕೊರತೆ ಅಪ್ಪನಿಂದಲೋ ಅಮ್ಮನಿಂದಲೋ ಬಂದಿರುತ್ತೆ, ಮತ್ತು ಆ ಅಪ್ಪನಿಗೋ ಅಮ್ಮನಿಗೋ ಯಾವ ತೊಂದರೆಯೂ ಇದ್ದಿರುವುದಿಲ್ಲ. ಓದಿ, ಮದುವೆಯಾಗಿ, ಸಂಸಾರ ನಡೆಸಿಕೊಂಡು ಇರುತ್ತಾರೆ. ಇದೇ ತುಂಡು ಇಲ್ಲದವರಲ್ಲಿ ಒಬ್ಬರಿಗೆ ಆಟಿಸಂ, ಇನ್ನೊಬ್ಬರಿಗೆ ಫಿಟ್ಸ್, ಮತ್ತೊಬ್ಬರಿಗೆ ಸ್ಕಿಜೋಫ್ರೇನಿಯಾ, ಇನ್ನೂ ಕೆಲವರಿಗೆ ಏನೂ ಇಲ್ಲ. ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ, ಯಾಕೆಂದರೆ ಅರ್ಧ ಹೇಳಿದರೆ ನೀವು ಬೇರೆಲ್ಲೋ ಓದಿ ಇನ್ನಷ್ಟು ಅಂಜುತ್ತೀರಿ. ಈ ಒಂದು ಜೀನು ತಾನೊಂದೇ ತೀರ್ಮಾನ ಮಾಡುವುದಿಲ್ಲ. ಜೊತೆಗಾರ ಅಣುಗಳು ಹೇಗಿವೆ, ಬೇರೆ ಜೀನುಗಳು ಹೇಗಿವೆ ಅನ್ನುವುದೂ ಸೇರುತ್ತೆ. ನಿಮ್ಮಲ್ಲಿ ಈ ಕೊರತೆ ಇದ್ದರೂ ಅದು ನಿಮ್ಮ ತಪ್ಪಾಗುವುದಿಲ್ಲ. ನಿಮಗೂ ಅದು ಯಾರಿಂದಲೋ ಬಂದಿರಬಹುದು.

ನಿಮ್ಮಲ್ಲಾಗಲಿ ಅಣ್ಣನಲ್ಲಾಗಲಿ ಈ ಕೊರತೆ ಇದ್ದರೆ ಮಗಳಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಂದಿದ್ದರೂ ಆಟಿಸಂ ಆಗಲೇಬೇಕೆಂದಿಲ್ಲ. ಅವಳ ಪರೀಕ್ಷೆ ಬೇಕೋ ಬೇಡವೋ ಅನ್ನುವುದನ್ನು ಜೆನೆಟಿಕ್ ಕೌನ್ಸೆಲರ್ (ಜೀನಿನ ಪರೀಕ್ಷೆ ಬಗ್ಗೆ ಸಲಹೆ ಕೊಡುವವರು) ಹತ್ತಿರ ಕೂತು ಮಾತಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಚಾರಿಸಬಹುದು.

ಹೋದಾಗ ಇದನ್ನು ಕೇಳಿ: ಯಾವ ಎಕ್ಸಾನ್ ಹೋಗಿದೆ? ನ್ಯೂರೆಕ್ಸಿನ್-1 ನಮ್ಮ ದೇಹದ ಅತಿ ಉದ್ದದ ಜೀನುಗಳಲ್ಲಿ ಒಂದು, ಸುಮಾರು 11 ಲಕ್ಷ ಅಕ್ಷರ. ಅದರಲ್ಲಿ ಪ್ರೋಟೀನಿಗೆ ಬೇಕಾದ ಭಾಗಗಳೇ ಎಕ್ಸಾನ್‌ಗಳು, ನಡುವೆ ಉದ್ದುದ್ದ ಖಾಲಿ ಜಾಗ. ಖಾಲಿ ಜಾಗದಲ್ಲಿ ತುಂಡು ಹೋಗಿದ್ದರೆ ಅದರ ತೂಕ ಕಡಿಮೆ. ಎಕ್ಸಾನ್ ಹೋಗಿದ್ದರೆ ಯಾವ ತುದಿಯದು ಅನ್ನುವುದು ಮುಖ್ಯ. ಮೊದಲ ತುದಿಯದಾದರೆ ಉದ್ದನೆಯ ಆಲ್ಫಾ ಬಗೆಗೆ ಮಾತ್ರ ಪೆಟ್ಟು, ಗಿಡ್ಡನೆಯ ಬೀಟಾ ಬಗೆ ಉಳಿಯುತ್ತೆ. ಇನ್ನೊಂದು: ಮಗ ಒಮ್ಮೊಮ್ಮೆ ಕಣ್ಣು ನೆಟ್ಟು ಸ್ತಬ್ಧನಾಗುವುದು, ಮೈ ಜರ್ಕ್ ಆಗುವುದು ಇದ್ದರೆ ಡಾಕ್ಟರಿಗೆ ಖಂಡಿತ ಹೇಳಿ.

ಗಂಗಾವತಿ_ನಿವೃತ್ತ_ಮೇಷ್ಟ್ರು

ಬಟನ್ ಕಿತ್ತಲ್ಲಿ ಹೊಸ ಬಟನ್ ಹಾಕೋಕೆ ಯಾರಾದರೂ ನೋಡಿದಾರೇನಪ್ಪ?

ಸಿಂಧನೂರು_ನರಕೋಶ

ನೋಡಿದ್ದಾರೆ ಸರ್, ಇಲಿಗಳಲ್ಲಿ. ಕಿರುಮೆದುಳಿನಲ್ಲಿ ಸೆರೆಬೆಲಿನ್-1 ಅನ್ನುವ ಪ್ರೋಟೀನ್ ಇದೆ, ಅದು ಒಂದು ಕೈಯಲ್ಲಿ ನ್ಯೂರೆಕ್ಸಿನ್ ಹಿಡಿದು, ಇನ್ನೊಂದು ಕೈಯಲ್ಲಿ ಎದುರು ದಡದ ಗ್ರಾಹಿಯನ್ನು ಹಿಡಿಯುತ್ತೆ. ಅದರ ತುಂಡಿಗೆ ಇನ್ನೊಂದು ಪ್ರೋಟೀನಿನ ತುಂಡು ಸೇರಿಸಿ ಕೃತಕ ಜೋಡಕ ಮಾಡಿದರು. ಜಪಾನ್, ಬ್ರಿಟನ್, ಜರ್ಮನಿಯ ತಂಡಗಳು ಸೇರಿ ಮಾಡಿದ ಕೆಲಸ, 2020ರಲ್ಲಿ ಪ್ರಕಟವಾಯಿತು. ಬೆನ್ನುಹುರಿಗೆ ಪೆಟ್ಟಾದ ಇಲಿಗಳಿಗೆ ಚುಚ್ಚಿದಾಗ ಅವುಗಳ ನಡಿಗೆ ಸುಧಾರಿಸಿತು. ಮನುಷ್ಯರಿಗೆ ಕೊಡುವ ಔಷಧಿ ಇನ್ನೂ ಅಲ್ಲ. ಆಟಿಸಂಗೆ ಇದೇ ಔಷಧಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ ಅಕ್ಕಾ.

ಕೌಲ್‌ಬಜಾರ್_ಅಮ್ಮ (ಹನ್ನೆರಡು ದಿನದ ನಂತರ)

ಇಬ್ಬರೂ ರಕ್ತ ಕೊಟ್ಟು ಬಂದ್ವಿ. ‘ಯಾವ ಎಕ್ಸಾನ್’ ಅಂತ ಚೀಟಿ ನೋಡಿ ಕೇಳಿದೆ. ಡಾಕ್ಟ್ರು ತಲಿ ಎತ್ತಿ ನೋಡಿದ್ರು, ಕುಂದರ್ರಿ ಅಂದ್ರು. ಈ ಸಲ ಇಪ್ಪತ್ತು ನಿಮಿಷ ಕನ್ನಡದಾಗ ಹೇಳಿದ್ರು. ಮಗಂದು ಮೊದಲ ತುದಿಯ ಎಕ್ಸಾನ್ ಅಂತ. ನಂಬರು ಬರಕೊಂಡೀನಿ.

ಕೊಪ್ಪಳದ ಅಕ್ಕಾ, ಮೊದಲ ಎರಡು ದಿನ ಡಬ್ಬಿ ಕಸಗೊಂಡು ಚೆಲ್ಲಿ ಅತ್ತ. ಮೂರನೇ ದಿನ ನನ್ನ ಕೈ ಹಿಡಿದು ಡಬ್ಬಿ ಮ್ಯಾಲೆ ಇಟ್ಟ. ನನ್ನ ಕೈ ಯಾವತ್ತೂ ಹಿಡಿದವನಲ್ಲ ಅವ. ನಿನ್ನೆ ಪೀಸು ಕೊಡೋದು ತಡಾ ಮಾಡಿದೆ, ‘ಆ’ ಅಂದ. ಮಾತು ಅಲ್ಲ, ಆದ್ರ ನನ್ನ ಮುಖ ನೋಡಿ ಅಂದ.

ನಮ್ಮ ಇಬ್ಬರ ರಿಪೋರ್ಟು ಮುಂದಿನ ತಿಂಗಳು. ಬಂದ ಕೂಡ್ಲೆ ಇಲ್ಲೇ ಬರೀತೀನಿ.